ಅಲಗಿನ ಮೇಲೊಂದು ಇಸವಿ

ಚಿಕ್ಕೋಡಿಯಲ್ಲೋ ನಿಪ್ಪಾಣಿಯಲ್ಲೋ ಬಸ್ ಸ್ಟ್ಯಾಂಡಿನ ಸುತ್ತಲಿನ ಯಾವುದಾದರೂ ಅಂಗಡಿಗೆ ಹೋಗಿ ಒಂದು ಮಡಚುವ ಚಾಕು ಕೇಳಿ. ಪ್ಲಾಸ್ಟಿಕ್ ಹೊದ್ದು ರಟ್ಟಿಗೆ ಅಂಟಿಕೊಂಡ ಚಾಕು ಕೈಗೆ ಬರುತ್ತದೆ. ರಟ್ಟಿನ ಹಿಂಬದಿ ತಿರುವಿದರೆ ಬೆಲೆ, ತಯಾರಿಸಿದವರ ವಿಳಾಸ, ತಯಾರಾದ ತಿಂಗಳು, ಇಸವಿ. ಪೊಟ್ಟಣದಲ್ಲಿ ಮಾರುವ ಸರಕಿನ ಮೇಲೆ ಇದನ್ನೆಲ್ಲ ಅಚ್ಚು ಹಾಕಲೇಬೇಕು ಎನ್ನುತ್ತವೆ 2011ರ ಕಾನೂನು ಮಾಪನಶಾಸ್ತ್ರ ನಿಯಮಗಳು. ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ನೀವು ಪ್ಲಾಸ್ಟಿಕ್ ಹರಿದು ರಟ್ಟು ಬಿಸಾಡುತ್ತೀರಿ. ಚಾಕು ಕಿಸೆ ಸೇರುತ್ತದೆ, ಅದರ ಹುಟ್ಟಿನ ದಾಖಲೆ ಗಟಾರ ಸೇರುತ್ತದೆ. ಇಪ್ಪತ್ತು ವರ್ಷ ಬಾಳುವ ಉಕ್ಕಿನ ಮೇಲೆ ಇಸವಿ ಇಲ್ಲ, ಐದು ನಿಮಿಷ ಬಾಳುವ ರಟ್ಟಿನ ಮೇಲೆ ಇದೆ.

ಅದೇ ಊರಿನ ಸಂತೆಗೆ ನಡೆದರೆ ಈ ರಟ್ಟೂ ಇಲ್ಲ. ಗೋಣಿತಾಟಿನ ಮೇಲೆ ಕುಡುಗೋಲು, ಕೊಯ್ತಾ, ಕುರ್ಪಿ, ಈಳಿಗೆ, ಕೊಡಲಿ ಹರವಿಕೊಂಡು ಮಾರುವವರ ಸರಕಿಗೆ ಪೊಟ್ಟಣವೇ ಇಲ್ಲವಾದ್ದರಿಂದ ನಿಯಮವೂ ಅತ್ತ ಕಣ್ಣು ಹಾಯಿಸುವುದಿಲ್ಲ. ಕೊಂಡವನ ಮನೆಯಲ್ಲಿ ಆ ಕುಡುಗೋಲು ಎಷ್ಟು ಹಳೆಯದು ಎಂದು ಮುಂದೊಂದು ದಿನ ಕೇಳಿದರೆ ಇಸವಿಯ ಉತ್ತರ ಸಿಗುವುದಿಲ್ಲ. 'ನಮ್ಮಪ್ಪನ ಕಾಲದ್ದು', 'ಎಪ್ಪತ್ತೆರಡರ ಬರಗಾಲದಾಗ ಮಾಡಿಸಿದ್ದು', 'ಕೊಯ್ನಾ ಭೂಕಂಪ ಆತಲ್ಲ, ಅದರ ಮುಂದಿನ ವರ್ಷದ್ದು'. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯ ಹಳ್ಳಿಗಳಲ್ಲಿ ಈಗ ಹೊಸ ಗುರುತುಗಲ್ಲು ನಿಂತಿದೆ: 2019ರ ಆಗಸ್ಟಿನ ಮಹಾಪೂರ. ಮನೆಯ ಸಾಮಾನುಗಳೆಲ್ಲ ಪೂರಕ್ಕೆ ಮೊದಲಿನವು, ಪೂರದ ನಂತರದವು ಎಂದು ಎರಡು ಪಾಲಾಗಿವೆ.

ಚಾಕುವಿನ ಅಲಗಿನ ಮೇಲೆ ಅದು ತಯಾರಾದ ವರ್ಷವನ್ನು ಒತ್ತುವ ಪದ್ಧತಿ ಜಗತ್ತಿನ ಕೆಲವು ಕಡೆ ಬಹಳ ಗಟ್ಟಿಯಾಗಿ ಬೇರುಬಿಟ್ಟಿದೆ. ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ಅದು ಹುಟ್ಟಲೇ ಇಲ್ಲ. ನಮ್ಮವರಿಗೆ ಅಕ್ಷರ ಬರುತ್ತಿರಲಿಲ್ಲ, ಅದಕ್ಕೇ ಹುಟ್ಟಲಿಲ್ಲ ಎಂಬ ಸುಲಭದ ಉತ್ತರವನ್ನು ನಾನು ಒಪ್ಪುವುದಿಲ್ಲ. ಇಸವಿ ಒತ್ತುವುದಕ್ಕೆ ಯಾರಾದರೂ ಅದನ್ನು ಕೇಳಬೇಕು. ಕೇಳುವವರು ಯಾರು ಎಂಬುದರಲ್ಲೇ ಈ ಕಥೆಯಿದೆ.

ಹತ್ತು ಚುಕ್ಕಿಗಳ ಲೆಕ್ಕ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಬ್ರಾಡ್‌ಫರ್ಡ್ ಎಂಬ ಸಣ್ಣ ಊರಿದೆ. ಡಬ್ಲ್ಯು.ಆರ್. ಕೇಸ್ ಅಂಡ್ ಸನ್ಸ್ ಎಂಬ ಚಾಕು ಕಂಪನಿ ಅಲ್ಲಿನದು. ಅವರ ಮಡಚುವ ಚಾಕುಗಳ ಮೇಲೆ ಕೇಸ್ ಎಂಬ ಹೆಸರು, ಎರಡು ಎಕ್ಸ್ ಗುರುತು ಬಹಳ ಹಿಂದೆಯೇ ಬಂದಿತ್ತು. 1965ರಲ್ಲಿ ಯು.ಎಸ್.ಎ. ಎಂದು ಸೇರಿಸಿದರು. 1970ರಲ್ಲಿ ಒಂದು ಚತುರ ಉಪಾಯ ಮಾಡಿದರು. ಹೆಸರಿನ ಕೆಳಗೆ ಸಾಲಾಗಿ ಹತ್ತು ಚುಕ್ಕಿ. ಮರುವರ್ಷ ಒಂಬತ್ತು, ಅದರ ಮರುವರ್ಷ ಎಂಟು. ಹೀಗೆ ವರ್ಷಕ್ಕೊಂದು ಚುಕ್ಕಿ ಉದುರುತ್ತ 1979ಕ್ಕೆ ಒಂದೇ ಉಳಿಯಿತು. 1980ರಲ್ಲಿ ಹೆಸರಿನ ಎಸ್ ಅಕ್ಷರವನ್ನು ಮಿಂಚಿನಂತೆ ಮೊನೆಯಾಗಿಸಿ ಮತ್ತೆ ಹತ್ತು ಚುಕ್ಕಿಯಿಂದ ಶುರುಮಾಡಿದರು.

ಇದರಲ್ಲಿ ಕಾರಖಾನೆಗೆ ಒಂದು ಅನುಕೂಲವಿದೆ. ಪ್ರತಿ ವರ್ಷ ಹೊಸ ಅಚ್ಚು ಕೆತ್ತಬೇಕಾಗಿಲ್ಲ, ಇದ್ದ ಅಚ್ಚಿನಿಂದ ಒಂದು ಚುಕ್ಕಿ ತೇಯ್ದರೆ ಸಾಕು. ವ್ಯಾಪಾರಕ್ಕೆ ಅದಕ್ಕಿಂತ ದೊಡ್ಡ ಅನುಕೂಲ. ಹಳೆಯ ಚಾಕು ಕೂಡಿಡುವ ಹುಚ್ಚು ಆಗ ಅಮೆರಿಕದಲ್ಲಿ ಏರುತ್ತಿತ್ತು. ಚುಕ್ಕಿ ಎಣಿಸಿ ವಯಸ್ಸು ಹೇಳಬಹುದಾದ ಚಾಕು ಅಂಥವರಿಗೆ ಹಬ್ಬ. ಒಂದು ಚಾಕು ಇದ್ದವನು ಹತ್ತೂ ಚುಕ್ಕಿಯ ಸಾಲನ್ನು ಪೂರ್ತಿ ಮಾಡಬೇಕೆನ್ನುತ್ತಾನೆ. ಅದೇ ಊರಿನ ಜಿಪ್ಪೊ ಕಂಪನಿ ತನ್ನ ಲೈಟರುಗಳ ಅಡಿಯಲ್ಲಿ 1950ರ ದಶಕದಿಂದಲೇ ಚುಕ್ಕಿ-ಗೆರೆಗಳ ಗುರುತು ಹಾಕುತ್ತಿತ್ತು. ಕೆಟ್ಟ ಲೈಟರು ರಿಪೇರಿಗೆ ಮರಳಿದಾಗ ಅದು ಯಾವ ವರ್ಷದ ಮಾಲು ಎಂದು ಕಾರಖಾನೆಗೆ ತಿಳಿಯಬೇಕಿತ್ತು, ಆ ಗುರುತಿನ ಮೂಲ ಕೆಲಸ ಅದು. 1993ರಲ್ಲಿ ಜಿಪ್ಪೊ ಕೇಸನ್ನೇ ಕೊಂಡಿತು.

ಇದಕ್ಕಿಂತ ಬಹಳ ಹಳೆಯ ಪದ್ಧತಿ ಇಂಗ್ಲೆಂಡಿನದು. ಲಂಡನ್ನಿನ ಅಕ್ಕಸಾಲಿಗರು 1478ರಿಂದಲೇ ಬೆಳ್ಳಿಯ ಮೇಲೆ ವರ್ಷಕ್ಕೊಂದು ಅಕ್ಷರ ಒತ್ತುತ್ತ ಬಂದಿದ್ದಾರೆ. ಚಾಕು-ಕತ್ತರಿಗಳ ತವರಾದ ಶೆಫೀಲ್ಡಿಗೆ 1773ರಲ್ಲಿ ಸ್ವಂತ ಪರೀಕ್ಷಾ ಕಚೇರಿ ಸಿಕ್ಕಿತು. ಹಣ್ಣಿನ ಹುಳಿ ಕಬ್ಬಿಣಕ್ಕೆ ತಾಗಿದರೆ ರುಚಿ ಕೆಡುತ್ತದೆಂದು ಆ ಕಾಲದ ಶ್ರೀಮಂತರು ಬೆಳ್ಳಿಯ ಅಲಗಿನ, ಮುತ್ತಿನ ಚಿಪ್ಪಿನ ಹಿಡಿಯ ಪುಟ್ಟ ಮಡಚುವ ಚಾಕು ಇಟ್ಟುಕೊಳ್ಳುತ್ತಿದ್ದರು. ಬೆಳ್ಳಿಯಾದ್ದರಿಂದ ಠಸ್ಸೆ ಕಡ್ಡಾಯ: ಶೆಫೀಲ್ಡಿನ ಕಿರೀಟ, ಬೆಳ್ಳಿಯ ಸಿಂಹ, ಮಾಡಿದವನ ಹೆಸರಿನ ಮೊದಲಕ್ಷರ, ವರ್ಷದ ಅಕ್ಷರ. ಇನ್ನೂರು ವರ್ಷದ ಹಿಂದಿನ ಕಿಸೆ ಚಾಕುವಿನ ಹುಟ್ಟಿದ ವರ್ಷವನ್ನು ಇಂದಿಗೂ ಅನುಮಾನವಿಲ್ಲದೆ ಹೇಳಬಹುದಾದರೆ ಅದು ಇಂಥ ಚಾಕುವಿನದು. ಅದೇ ಊರಿನ, ಅದೇ ಕಾಲದ ಉಕ್ಕಿನ ಚಾಕು ಮೂಕ. ಉಕ್ಕಿನಲ್ಲಿ ಕಲಬೆರಕೆ ಮಾಡಿದರೆ ರಾಜನ ಬೊಕ್ಕಸಕ್ಕೆ ನಷ್ಟವಿರಲಿಲ್ಲ ನೋಡಿ.

ವರ್ಷಕ್ಕೊಂದು ಅಕ್ಷರ ಎಂದರೆ ಇಪ್ಪತ್ತು ಚಿಲ್ಲರೆ ವರ್ಷಕ್ಕೆ ಅಕ್ಷರಮಾಲೆ ಮುಗಿಯುತ್ತದೆ, ಮತ್ತೆ ಮೊದಲಿನಿಂದ ಆರಂಭ. ಹಾಗಾದರೆ ಈ ಅಕ್ಷರ ಯಾವ ಸುತ್ತಿನದು? ಅದಕ್ಕಾಗಿ ಪ್ರತಿ ಸುತ್ತಿಗೂ ಅಕ್ಷರದ ಬರಹ, ಅದರ ಸುತ್ತಲಿನ ಚೌಕಟ್ಟು ಬದಲಾಯಿಸಿದರು. ಶೆಫೀಲ್ಡಿನವರು ಮೊದಲ ಐವತ್ತು ವರ್ಷ ಅಕ್ಷರಗಳನ್ನು ಸಾಲಾಗಿಯೂ ಬಳಸಲಿಲ್ಲ, ಮನಬಂದಂತೆ ಆರಿಸುತ್ತಿದ್ದರು. 1824ರಿಂದ ಕ್ರಮ ಬಂತು. ಕನ್ನಡಿಗರಿಗೆ ಈ ತೊಡಕು ಹೊಸದಲ್ಲ. ಪ್ರಭವದಿಂದ ಅಕ್ಷಯದವರೆಗಿನ ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳುತ್ತವೆ. ಬರೀ ಸಂವತ್ಸರದ ಹೆಸರು ಬರೆದರೆ ಅಜ್ಜನ ಕಾಲವೋ ಮೊಮ್ಮಗನ ಕಾಲವೋ ತಿಳಿಯದೆಂದೇ ಶಾಸನಗಳು ಪಕ್ಕದಲ್ಲಿ ಶಕವರ್ಷ ಇಡುತ್ತವೆ. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶ ಕೆತ್ತಿಸಿದ ಶಾಸನ ಶಕ 500, ಅಂದರೆ ಕ್ರಿ.ಶ. 578 ಎಂದು ನೇರವಾಗಿ ಹೇಳುತ್ತದೆ. ಕಲ್ಲಿನ ಮೇಲೆ ಇಷ್ಟು ಕಟ್ಟುನಿಟ್ಟಾಗಿ ಕಾಲ ಬರೆದವರು, ಆ ಕಲ್ಲನ್ನು ಕಡೆದ ಉಳಿಯ ಮೇಲೆ ಏನೂ ಬರೆಯಲಿಲ್ಲ.

ದಂಡಿನವರ ಚಾಕು

ಉಕ್ಕಿನ ಚಾಕುವಿನ ಮೇಲೆ ಇಸವಿ ಬೇಕೆಂದು ಹಟ ಹಿಡಿದ ದೊಡ್ಡ ಗಿರಾಕಿ ಎಂದರೆ ಸೈನ್ಯ. ಬೆಳಗಾವಿ ಜಿಲ್ಲೆಯವರಿಗೆ ದಂಡು ದೂರದ ಮಾತಲ್ಲ, ಮರಾಠಾ ಲೈಟ್ ಇನ್ಫೆಂಟ್ರಿಯ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇದೆ. ಎರಡನೆಯ ಮಹಾಯುದ್ಧದ ಕಾಲದ ಬ್ರಿಟಿಷ್ ಸೈನಿಕರ ಮಡಚುವ ಚಾಕುಗಳಲ್ಲಿ ಮೂರು ಗೆರೆಯ ಬಾಣದ ಗುರುತು, ಮಾಡಿದ ಕಂಪನಿ, ಇಸವಿ ಮೂರೂ ಸಿಗುತ್ತವೆ. ಬಾಣ ಎಂದರೆ ಸರ್ಕಾರದ ಸ್ವತ್ತು, ಕದ್ದರೆ ಶಿಕ್ಷೆ. ಭಾರತ ಸರ್ಕಾರದ ಸಾಮಾನಿಗೆ ಬಾಣದ ಜೊತೆ ಐ ಎಂಬ ಅಕ್ಷರವೂ ಬೀಳುತ್ತಿತ್ತು. ಇಸವಿ ಯಾಕೆ ಬೇಕಿತ್ತೆಂದರೆ, ಟೆಂಡರು ಯಾರದು, ಯಾವ ವರ್ಷದ ಮಾಲು ಬೇಗ ಮುರಿಯುತ್ತಿದೆ, ಯಾರ ಬಿಲ್ಲು ತಡೆಹಿಡಿಯಬೇಕು ಎಂಬ ಲೆಕ್ಕಕ್ಕೆ.

ಸ್ವಿಸ್ ಸೈನಿಕರ ಚಾಕುವಿನ ಕಥೆ ಇನ್ನೂ ರಂಜಕ. 1891ರಲ್ಲಿ ಆ ಸೈನ್ಯ ಮೊದಲ ಚಾಕುಗಳನ್ನು ಕೊಂಡಾಗ ಮಾಡಿಕೊಟ್ಟವರು ಜರ್ಮನಿಯ ಜೋಲಿಂಗನ್ನಿನವರು, ಸ್ವಿಸ್ಸರಲ್ಲಿ ಅಷ್ಟು ಮಾಡುವವರು ಇರಲಿಲ್ಲ. ಕಾರ್ಲ್ ಎಲ್ಸೆನರ್ ಎಂಬಾತ ಹಟದಿಂದ ಆ ಕೆಲಸವನ್ನು ತನ್ನ ದೇಶಕ್ಕೆ ತಂದ. ಅವನ ಕಂಪನಿಗೆ 1921ರಲ್ಲಿ ವಿಕ್ಟೋರಿನಾಕ್ಸ್ ಎಂಬ ಹೆಸರು ಬಂತು. ಅಂಗಡಿಯಲ್ಲಿ ಮಾರುವ ಕೆಂಪು ಹಿಡಿಯ ಚಾಕುಗಳನ್ನು ಬದಿಗಿಡಿ, 1961ರಿಂದ 2008ರವರೆಗೆ ಸೈನ್ಯಕ್ಕೆಂದೇ ಮಾಡಿದ ಬೆಳ್ಳಿಬಣ್ಣದ ಅಲ್ಯುಮಿನಿಯಂ ಹಿಡಿಯ ಚಾಕು ನೋಡಿ. ಅಲಗಿನ ಬುಡದಲ್ಲಿ ಎರಡೇ ಅಂಕಿ: 65, 78, 93. ಚುಕ್ಕಿಯಿಲ್ಲ, ಅಕ್ಷರವಿಲ್ಲ, ಪುಸ್ತಕ ತೆರೆದು ಹುಡುಕಬೇಕಾಗಿಲ್ಲ. ವರ್ಷ ಬರೆಯುವ ಇಷ್ಟೆಲ್ಲ ವಿಧಾನಗಳಲ್ಲಿ ನನ್ನ ಮತ ಈ ಎರಡು ಅಂಕಿಗೇ.

ಇಸವಿ ಇಲ್ಲದ ಚಾಕುವಿನ ವಯಸ್ಸು ಹಿಡಿಯುವುದಕ್ಕೂ ಜನ ದಾರಿ ಕಂಡುಕೊಂಡಿದ್ದಾರೆ. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ಗುರುತು ನಕ್ಷತ್ರ ಮತ್ತು ಶಿಲುಬೆ. ಅಲಗಿನ ಮೇಲೆ ಆಳುವವರ ಹೆಸರಿನ ಮೊದಲಕ್ಷರವೂ ಇರುತ್ತದೆ. ವಿಕ್ಟೋರಿಯಾ ರಾಣಿಯದೋ ಎಡ್ವರ್ಡ್ ದೊರೆಯದೋ ಜಾರ್ಜನದೋ ನೋಡಿದರೆ ಕಾಲ ಅಂದಾಜಾಗುತ್ತದೆ. ಅಮೆರಿಕ 1890ರಲ್ಲಿ, ಹೊರಗಿನಿಂದ ಬರುವ ಮಾಲಿನ ಮೇಲೆ ಮಾಡಿದ ದೇಶದ ಹೆಸರು ಬೇಕೇಬೇಕೆಂದು ಕಾನೂನು ತಂದಿತು. ಹಾಗಾಗಿ ಅಲ್ಲಿ ಸಿಕ್ಕ ಹಳೆಯ ಚಾಕುವಿನ ಮೇಲೆ ಜರ್ಮನಿ ಎಂದಿದ್ದರೆ ಅದು ಹೆಚ್ಚುಕಡಿಮೆ ಆ ಕಾನೂನಿನ ಈಚೆಯದು. ಫ್ರಾನ್ಸಿನ ಒಪಿನೆಲ್ ಚಾಕುವಿಗೆ ಅಲಗು ಮಡಚಿಕೊಳ್ಳದಂತೆ ತಡೆಯುವ ತಿರುಗುಣಿ ಬಳೆ ಬಂದದ್ದು 1955ರಲ್ಲಿ, ಬಳೆ ಇದ್ದರೆ ಆಮೇಲಿನದು.

ಕಂಬಾರನಿಗೆ ಯಾರೂ ಕೇಳಲಿಲ್ಲ

ಈಗ ನಮ್ಮ ಕಡೆ ಬನ್ನಿ. ಆಯ ಪದ್ಧತಿ ಇದ್ದ ಕಾಲದಲ್ಲಿ ಹಳ್ಳಿಯ ಕಂಬಾರ ವರ್ಷವಿಡೀ ರೈತರ ಕುಡ ಹಣಿಸಿ, ಕುಡುಗೋಲಿಗೆ ಹಲ್ಲು ಕಡೆದು, ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳ ಅಳೆಸಿಕೊಂಡು ಹೋಗುತ್ತಿದ್ದ. ಕುಡುಗೋಲು ಯಾರ ಕೈಯಿಂದ ಬಂತೆಂದು ಇಡೀ ಊರಿಗೆ ಗೊತ್ತು. ಕೆಟ್ಟರೆ ಅವನ ಕುಲುಮೆಗೇ ಒಯ್ಯಬೇಕು, ಅವನೇ ಸರಿಮಾಡಬೇಕು. ಮಾಡಿದವನೂ ಬಳಸುವವನೂ ದಿನಬೆಳಗಾದರೆ ಎದುರಾಗುವ ಊರಿನಲ್ಲಿ ಠಸ್ಸೆ ಯಾರಿಗಾಗಿ ಒತ್ತಬೇಕು?

ಊರೂರು ಅಲೆಯುವ ಬೈಲು ಕಂಬಾರರು, ಗಡಿಯಾಚೆ ಈಚೆ ಎರಡೂ ಕಡೆ ಘಿಸಾಡಿ ಎನಿಸಿಕೊಂಡವರು, ರಸ್ತೆ ಬದಿಯಲ್ಲೇ ಕುಲುಮೆ ಹೂಡುತ್ತಾರೆ. ಗಂಡಸು ಇಕ್ಕಳದಲ್ಲಿ ಕೆಂಪು ಕಬ್ಬಿಣ ಹಿಡಿದು ತಿರುವುತ್ತಿದ್ದರೆ ಹೆಂಗಸು ನಿಂತು ದೊಡ್ಡ ಸುತ್ತಿಗೆ ಎತ್ತಿ ಹೊಡೆಯುವುದು ಅವರಲ್ಲಿ ರೂಢಿ. ಅವರು ಹೊಡೆಯುವ ಕಬ್ಬಿಣದಲ್ಲಿ ಬಹಳಷ್ಟು ಲಾರಿಯ ಹಳೆಯ ಪಾಟಾ. ಹಾಗಾದರೆ ಆ ಕೊಯ್ತಾದ ಹುಟ್ಟಿದ ವರ್ಷ ಯಾವುದು? ಉಕ್ಕು ಕಾರಖಾನೆಯಲ್ಲಿ ಎರಕವಾದದ್ದೋ, ಲಾರಿ ರಸ್ತೆಗಿಳಿದದ್ದೋ, ಪಾಟಾ ಮುರಿದು ಗುಜರಿಗೆ ಬಂದದ್ದೋ, ನಿನ್ನೆ ಸಂಜೆ ಅಲಗಾದದ್ದೋ?

ಕಥೆ ಅಲ್ಲಿಗೂ ನಿಲ್ಲುವುದಿಲ್ಲ. ಬಾಯಿ ಸವೆದ ಕೊಡಲಿಗೆ, ಕುಡಕ್ಕೆ ಹೊಸ ಉಕ್ಕು ಬೆಸೆದು ಬಡಿಸುತ್ತಾರೆ. ಹಿಡಿ ಮುರಿದರೆ ಹೊಸ ಜಾಲಿಯ ಹಿಡಿ. ಸೈಕಲ್ಲಿನ ಮೇಲೆ ಸಾಣೆಕಲ್ಲು ಕಟ್ಟಿಕೊಂಡು ಬರುವವನು ಪ್ರತಿ ಸಲವೂ ಒಂದಿಷ್ಟು ಅಲಗನ್ನು ಕಿಡಿಯಾಗಿಸಿ ಹೋಗುತ್ತಾನೆ. ಮೊದಲಿನ ಆಯುಧದಲ್ಲಿ ಉಳಿದದ್ದೇನು ಎಂದು ತರ್ಕಶಾಸ್ತ್ರದವರು ಕೇಳಿಕೊಳ್ಳಲಿ, ರೈತನಿಗೆ ಅದು ಅದೇ ಕೊಡಲಿ. ಖಂಡೇನವಮಿಗೆ ತೊಳೆದು ಕುಂಕುಮ ಹಚ್ಚಿ ಪೂಜೆಗಿಟ್ಟಾಗ ಅದಕ್ಕೆ ಒಂದು ವರ್ಷ ತುಂಬಿತು, ಎಷ್ಟನೆಯದೆಂದು ಯಾರೂ ಎಣಿಸುವುದಿಲ್ಲ.

ಇಲ್ಲಿ ಕಾಲ ಅಳೆಯುವುದು ಹಂಗಾಮಿನಲ್ಲಿ. ಕಾಗವಾಡ ತಾಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಹುಟ್ಟಿದ ಸಕ್ಕರೆ ಕಾರಖಾನೆಯಿಂದ ಮೊದಲಾಗಿ ಈ ಐದೂ ತಾಲೂಕುಗಳಲ್ಲಿ ಗಾಣ ನಿಂತು ಶುರುವಾಗುವುದರ ಮೇಲೆಯೇ ಮದುವೆ, ಸಾಲ, ಶಾಲೆಯ ಹಾಜರಿ ನಿಂತಿವೆ. ಕಬ್ಬು ಕಡಿಯುವ ಗ್ಯಾಂಗಿನಲ್ಲಿ ಗಂಡ-ಹೆಂಡತಿ ಸೇರಿದರೆ ಒಂದು 'ಕೊಯ್ತಾ'. ಮುಂಗಡ ಕೊಡುವವರು ಇಷ್ಟು ಜನ ಎನ್ನುವುದಿಲ್ಲ, ಇಷ್ಟು ಕೊಯ್ತಾ ಎನ್ನುತ್ತಾರೆ. ಆಯುಧಕ್ಕೆ ಹೆಸರು, ಇಸವಿ ಇಲ್ಲದ್ದು ಇರಲಿ, ಹಿಡಿದವರ ಹೆಸರೇ ಆಯುಧದ ಹೆಸರಿನೊಳಗೆ ಕರಗಿಹೋಗಿದೆ. ಅವರು ಕಡಿದ ಕಬ್ಬಿನ ಸಕ್ಕರೆಯ ಚೀಲದ ಮೇಲೆ ಮಾತ್ರ ಕಾರಖಾನೆಯ ಹೆಸರು, ಹರಳಿನ ದರ್ಜೆ, ಹಂಗಾಮಿನ ವರ್ಷ ಎಲ್ಲವೂ ಇರುತ್ತವೆ.

ಪಾತ್ರೆಗೆ ಇದೆ, ತೂಕದ ಕಲ್ಲಿಗೂ ಇದೆ

ಲೋಹದ ಮೇಲೆ ಇಸವಿ ಬರೆಯುವುದು ನಮ್ಮವರಿಗೆ ಗೊತ್ತೇ ಇರಲಿಲ್ಲ ಎನ್ನುವಂತಿಲ್ಲ. ಯಾವ ಮನೆಯ ಅಡುಗೆಕೋಣೆಗೆ ಹೋದರೂ ಕೊಡದ ಕಂಠದಲ್ಲೋ ಡಬರಿಯ ಅಂಚಿನಲ್ಲೋ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ ಕಾಣುತ್ತದೆ: ಕೊಟ್ಟವರ ಹೆಸರು, ಊರು, ಮದುವೆಯ ತಾರೀಖು. ಪಾತ್ರೆ ಅಂಗಡಿಯವನು ಕೊಂಡವರ ಎದುರೇ ಮಿಷನ್ ಹಿಡಿದು ಕೊರೆದುಕೊಡುತ್ತಾನೆ. ಅದು ಪಾತ್ರೆ ಹುಟ್ಟಿದ ದಿನವಲ್ಲ, ಕೈ ಬದಲಾದ ದಿನ. ಮಾಡಿದವನನ್ನು ಮರೆತು ಕೊಟ್ಟವನನ್ನು ನೆನಪಿಡುವ ಸಮಾಜ ನಮ್ಮದು. ಮುಯ್ಯಿಯ ಲೆಕ್ಕ ತೀರಿಸಬೇಕಲ್ಲ! ಚಾಕುವಿಗೆ ಆ ಭಾಗ್ಯವೂ ಇಲ್ಲ. ಹರಿತವಾದ ವಸ್ತುವನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾದೀತೆಂದು ನೆಲಕ್ಕಿಟ್ಟು ಕೊಡುವ ಮನೆಗಳು ಇನ್ನೂ ಇವೆ, ಅಂಥಲ್ಲಿ ಚಾಕುವನ್ನು ಆಹೇರಿಗೆ ಕೊಡುವವರು ಯಾರು?

ಇನ್ನೊಂದು ಇಸವಿ ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲೂ ಅಥಣಿಯ ಕಿರಾಣಿ ಅಂಗಡಿಯಲ್ಲೂ ತಲೆಕೆಳಗಾಗಿ ಕೂತಿರುತ್ತದೆ. ಕಬ್ಬಿಣದ ತೂಕದ ಕಲ್ಲನ್ನು ಎತ್ತಿ ಅಡಿ ನೋಡಿದರೆ ಒಂದು ಗುಳಿ, ಅದರಲ್ಲಿ ಸೀಸ ತುಂಬಿರುತ್ತದೆ. ಸೀಸದ ಮೇಲೆ ಪರೀಕ್ಷಿಸಿದ ಇನ್‌ಸ್ಪೆಕ್ಟರರ ಗುರುತು, ವರ್ಷದ ಅಂಕಿ, ಮೂರು ಮೂರು ತಿಂಗಳ ನಾಲ್ಕು ಪಾಲಿಗೆ ಎ, ಬಿ, ಸಿ, ಡಿ ಎಂಬ ಅಕ್ಷರಗಳಲ್ಲಿ ಒಂದು. ಕಲ್ಲುಗಳನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಪ್ಪಿಸಬೇಕು. ಸೀಸ ಮೆದು, ಪ್ರತಿ ಸಲ ಹೊಸ ಠಸ್ಸೆ ತೆಗೆದುಕೊಳ್ಳುತ್ತದೆ. ಕಲ್ಲು ಯಾವಾಗ ಎರಕವಾಯಿತೆಂದು ಇಲಾಖೆಗೆ ಬೇಕಿಲ್ಲ, ಕೊನೆಯ ಸಲ ಯಾವಾಗ ನಿಜ ಹೇಳಿತು ಎಂಬುದಷ್ಟೇ ಬೇಕು.

ಬಂಗಾರಕ್ಕೂ ಒಂದು ಕಾಲದಲ್ಲಿ ವರ್ಷದ ಅಕ್ಷರ ಇತ್ತು. 2000ದಲ್ಲಿ ಹಾಲ್‌ಮಾರ್ಕ್ ಬಂದಾಗ ಎ, ಮರುವರ್ಷ ಬಿ, ಥೇಟು ಲಂಡನ್ ಪದ್ಧತಿ. 2017ರಿಂದ ಅದನ್ನು ಕೈಬಿಟ್ಟರು. ಈಗಿರುವುದು ಆರು ಅಕ್ಷರ-ಅಂಕಿಗಳ ಸಂಖ್ಯೆ, 2023ರ ಏಪ್ರಿಲ್‌ನಿಂದ ಅದಿಲ್ಲದೆ ಒಡವೆ ಮಾರುವಂತಿಲ್ಲ. ಫೋನು ಹಿಡಿದು ಹುಡುಕಿದರೆ ಎಲ್ಲ ವಿವರ ಸಿಗುತ್ತದೆ. ಕಣ್ಣಿಂದ ಓದುವ ವರ್ಷ ಹೋಯಿತು, ಕಂಪ್ಯೂಟರು ಓದುವ ಸಂಖ್ಯೆ ಬಂತು. ಆ ಕಂಪ್ಯೂಟರು ಇನ್ನೂರು ವರ್ಷ ನಡೆದೀತೇ ಎಂದು ಮಾತ್ರ ನನಗೆ ಅನುಮಾನ. ಶೆಫೀಲ್ಡಿನ ಅಕ್ಷರ ನಡೆದಿದೆ.

ಆಯುಧದ ಮೇಲೆ ವರ್ಷ ಬರೆಸಿದ ಕನ್ನಡ ನಾಡಿನ ದೊಡ್ಡ ಉದಾಹರಣೆ ಬೇಕೆಂದರೆ ಶ್ರೀರಂಗಪಟ್ಟಣಕ್ಕೆ ಹೋಗಬೇಕು. ಟಿಪ್ಪು ಸುಲ್ತಾನನ ಕಾರಖಾನೆಗಳ ಬಂದೂಕು, ಪಿಸ್ತೂಲುಗಳಲ್ಲಿ ಮಾಡಿದವನ ಹೆಸರು, ಪಟ್ಟಣದ ಹೆಸರು, ವರ್ಷ ಕೂಡಿ ಇರುವವು ಇಂದು ಲೋಕದ ವಸ್ತುಸಂಗ್ರಹಾಲಯಗಳಲ್ಲಿವೆ. ಅವನ ವರ್ಷವೂ ವಿಶಿಷ್ಟ. ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕೆ, ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಆದರೆ ಒಳಗಿನ ಯಂತ್ರ ನಮ್ಮದೇ ಅರವತ್ತು ಸಂವತ್ಸರಗಳ ಚಕ್ರ, ಹೆಸರು ಮಾತ್ರ ಅವನಿಟ್ಟದ್ದು. ಈ ಕಾರಖಾನೆಗಳಲ್ಲಿ ಇಸವಿ ಕೇಳಿದವನು ಯಾರೆಂದು ಹೇಳಬೇಕಾಗಿಲ್ಲ. ಹಣ ಕೊಟ್ಟು ಸಾವಿರಗಟ್ಟಲೆ ಬಂದೂಕು ಮಾಡಿಸುತ್ತಿದ್ದ ದೊರೆ, ಮಾಡಿದವನ ಮುಖ ನೋಡುತ್ತ ಕೂರಲಾರ.

ರಂಪಿಗೆಯಿಂದ ಮಿಲಾನಿಗೆ

ಅಥಣಿ, ನಿಪ್ಪಾಣಿ, ಮದಭಾವಿ ಕಡೆ ಚಪ್ಪಲಿ ಹೊಲಿಯುವವರ ಕೈಯಲ್ಲಿರುವ ಚಾಕು ರಂಪಿಗೆ. ಅಗಲ ಬಾಯಿ, ಗಿಡ್ಡ ಹಿಡಿ, ಕಿಸೆಯಲ್ಲಿ ಹಿಡಿಯುವಂಥದ್ದಲ್ಲ. ಆದರೂ ಈ ಸೀಮೆಯಲ್ಲಿ ದಿನವಿಡೀ ಒಂದೇ ಕೈಯಲ್ಲಿ ಉಳಿದು ಆ ಕೈಯ ಆಕಾರವನ್ನೇ ಪಡೆಯುವ ಚಾಕು ಎಂದರೆ ಇದೇ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಮಾಡಿದ ದಪ್ಪ ಚರ್ಮವನ್ನು ಕಲ್ಲಿನ ಮೇಲಿಟ್ಟು ಅಟ್ಟೆ ಕತ್ತರಿಸುವುದು ಇದರಿಂದ. ಕತ್ತರಿಸುವ ಕೆಲಸ ಹೆಚ್ಚಾಗಿ ಗಂಡಸರದು. ಪಟ್ಟಿ ಹೆಣೆಯುವುದು, ಆರಿ ಹಿಡಿದು ತೂತಿಡುವುದು, ಜಡೆ ಹಾಕುವುದು ಹೆಂಗಸರದು. ಮೊಳೆ ಬಳಸದೆ ಚರ್ಮದ ವಾದಿಯಿಂದಲೇ ಹೊಲಿಯುತ್ತಾರೆ. ಶರಣ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಲ್ಲಿ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರೆಂಬ ಕಥೆ ಈ ಕಸುಬಿನ ಮನೆಗಳಲ್ಲಿ ಇವತ್ತಿಗೂ ಹೊಸದು.

ಆ ಚಪ್ಪಲಿಗೆ ಪೇಟೆಯಲ್ಲಿ ಹೆಸರು ಕೊಲ್ಹಾಪುರಿ. ಮಾಡುವವರು ಇತ್ತ, ಹೆಸರು ಅತ್ತ. ಈ ಅನ್ಯಾಯ ಅರ್ಧ ಸರಿಯಾದದ್ದು ಎರಡು ರಾಜ್ಯಗಳ ಚರ್ಮೋದ್ಯಮ ನಿಗಮಗಳಾದ ನಮ್ಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್‌ಕಾಮ್ ಕೂಡಿ ಭೌಗೋಳಿಕ ಗುರುತು ಪಡೆದಾಗ. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರದ ಜೊತೆಗೆ ಕರ್ನಾಟಕದ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಆ ಹೆಸರಿನ ಹಕ್ಕು ಬಂತು. 2025ರ ಜೂನ್‌ನಲ್ಲಿ ಇಟಲಿಯ ಪ್ರಾದಾ ಕಂಪನಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಊರು-ಕೇರಿಯ ಹೆಸರೆತ್ತದೆ ನಡೆಸಿದಾಗ ಎದ್ದ ಗದ್ದಲ ಎಲ್ಲರಿಗೂ ನೆನಪಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಂಪನಿ ಎರಡೂ ನಿಗಮಗಳೊಂದಿಗೆ ಒಪ್ಪಂದಕ್ಕೆ ಬಂದು, ಇಲ್ಲಿಯ ಕೈಗಳಿಂದಲೇ 2000 ಜೋಡಿ ಮಾಡಿಸುವುದಾಗಿ ಹೇಳಿತು. ಬೆಲೆ ಜೋಡಿಗೆ 800 ಯೂರೋ ಆಸುಪಾಸು. ಮಹಾರಾಷ್ಟ್ರದ ನಿಗಮ ಚಪ್ಪಲಿಗೆ ಕ್ಯೂಆರ್ ಕೋಡ್ ಹಚ್ಚಲು ತೊಡಗಿದೆ. ಅದರಲ್ಲಿ ಮಾಡಿದವರು, ಜಿಲ್ಲೆ, ಚರ್ಮದ ವಿವರ ಸಿಗುತ್ತದೆ.

ಇಲ್ಲಿಗೆ ಬಂದಾಗ ಸುತ್ತು ಪೂರ್ತಿಯಾಗುತ್ತದೆ. ಮಾಡಿದವನ ಮುಖ ಕಾಣದ ಗಿರಾಕಿ ಅಥಣಿಗೂ ಬಂದಿದ್ದಾನೆ. ಸೈನ್ಯ, ಬೊಕ್ಕಸ, ಹಳೆಯದನ್ನು ಕೂಡಿಡುವವ, ಈ ಮೂವರು ಬೇರೆಡೆ ಕೇಳಿದ್ದನ್ನು ನಮ್ಮ ಕಸುಬುದಾರರಿಗೆ ಈಗ ಪೇಟೆ ಕೇಳುತ್ತಿದೆ: ಯಾರು ಮಾಡಿದ್ದು, ಎಲ್ಲಿ, ಯಾವಾಗ? ಮೊದಲೆರಡಕ್ಕೆ ಕ್ಯೂಆರ್ ಇದೆ. 'ಯಾವಾಗ' ಎಂಬುದನ್ನು ಚರ್ಮದ ಮೇಲೆಯೇ, ಬರಿಗಣ್ಣಿಗೆ ಕಾಣುವಂತೆ ಒತ್ತಬೇಕು ಎಂಬುದು ನನ್ನ ವಾದ. ಸ್ಟಿಕ್ಕರು ಚಾಕುವಿನ ರಟ್ಟಿನ ದಾರಿಯನ್ನೇ ಹಿಡಿಯುತ್ತದೆ. ಎಣ್ಣೆಯುಣಿಸಿ ಮೆಟ್ಟಿದ ಒಳ್ಳೆಯ ಚಪ್ಪಲಿ ಹಲವು ವರ್ಷ ಬಾಳುತ್ತದೆಂದು ಮಾರುವಾಗ ಹೇಳುತ್ತೇವೆ, ಅದನ್ನು ಸಾಬೀತು ಮಾಡುವುದು ಎರಡಂಕಿಯ ವರ್ಷ. ಇಸವಿ ಕಂಡರೆ ಹಳೇ ಮಾಲೆಂದು ಗಿರಾಕಿ ಮೂಗು ಮುರಿಯುತ್ತಾನೆ ಎಂಬ ಅಂಗಡಿಯವರ ಭಯ ಸುಳ್ಳಲ್ಲ. ಪ್ರತಿ ಮಳೆಗಾಲ ಕಳೆದಾಗ ಉಳಿದ ಸರಕು ಅವರ ಎದೆಯ ಮೇಲೆಯೇ ಕೂರುತ್ತದೆ. ಹಾಗಾಗಿ ಎಲ್ಲದಕ್ಕೂ ಬೇಡ. ದುಬಾರಿ ಬೆಲೆಯ, ಒಬ್ಬರೇ ಕೂತು ಮುಗಿಸಿದ ಜೋಡಿಗೆ ಮೊದಲು ಬರಲಿ. ಅಟ್ಟೆಯ ಅಡಿಯಲ್ಲಿ ಒತ್ತಿದರೆ ತಿಂಗಳೊಪ್ಪತ್ತಿನಲ್ಲಿ ಸವೆಯುತ್ತದೆ, ಅಟ್ಟೆಯ ಪಕ್ಕಕ್ಕೆ ಚಾಚಿದ ಚರ್ಮದ ಕಿವಿಯ ಒಳಮಗ್ಗುಲು ಸರಿಯಾದ ಜಾಗ.

ಚಾಕುವಿನ ವಿಷಯಕ್ಕೆ ಬಂದರೆ ಕೆಲವರಿಗೆ ಪೊಲೀಸರ ಭಯ. 2016ರ ಆಯುಧ ನಿಯಮಗಳು ಲೈಸೆನ್ಸ್ ಕೇಳುವುದು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗಿಗೆ, ಅದರಲ್ಲೂ ಮನೆಗೆಲಸ, ಒಕ್ಕಲುತನ, ಕಸುಬಿನ ಸಲಕರಣೆಗಳನ್ನು ಬಿಟ್ಟು. ಕೊಯ್ತಾಕ್ಕೂ ರಂಪಿಗೆಗೂ ಅಡ್ಡಿಯಿಲ್ಲ. ಅವುಗಳ ಮೇಲೆ ಊರು, ವರ್ಷ ಇರುವುದು ಒಕ್ಕಲುತನದ ಸಾಮಾನೆಂಬುದಕ್ಕೆ ಇನ್ನಷ್ಟು ಬಲವೇ ಕೊಟ್ಟೀತು.

ಒತ್ತುವುದು ಕಷ್ಟದ ವಿದ್ಯೆಯಲ್ಲ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಯ ಪಂಚುಗಳ ಪೆಟ್ಟಿಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಅಲಗನ್ನು ಕಾಯಿಸಿ ನೀರಿಗಿಳಿಸಿ ಗಡುಸು ಮಾಡುವ ಮೊದಲು, ಕಬ್ಬಿಣ ಇನ್ನೂ ಮೆದುವಿರುವಾಗಲೇ ಹೊಡೆಯಬೇಕು. ಗಡುಸಾದ ಮೇಲೆ ಹೊಡೆದರೆ ಪಂಚಿನ ಮೊನೆ ಹೋಗುತ್ತದೆ, ಇಲ್ಲವೇ ಅಲಗು ಬಿರುಕು ಬಿಡುತ್ತದೆ. ಕೇಸ್ ಆಗಲಿ ಸ್ವಿಸ್ ಆಗಲಿ ಅಲಗಿನ ಬುಡವನ್ನೇ ಆರಿಸಿಕೊಂಡದ್ದು ಸಾಣೆ ಅಲ್ಲಿಯವರೆಗೆ ಮುಟ್ಟುವುದಿಲ್ಲವೆಂದು. ಕೊಯ್ತಾ, ರಂಪಿಗೆಗಳಲ್ಲೂ ಹಿಡಿ ಸೇರುವ ಜಾಗಕ್ಕಿಂತ ಒಂದು ಬೆರಳು ಮೇಲೆ ಹೊಡೆದರೆ ಸಾಕು. ಈಗಾಗಲೇ ಗಡುಸಾದ ಚಾಕುವಿಗೆ ಬೇರೆ ದಾರಿ: ಅಂಕಿಯ ಆಕಾರ ಕತ್ತರಿಸಿದ ಟೇಪು ಅಂಟಿಸಿ, ಉಪ್ಪುನೀರಲ್ಲಿ ಅದ್ದಿದ ಅರಳೆ ಹಾಗೂ ಹನ್ನೆರಡು ವೋಲ್ಟಿನ ಬ್ಯಾಟರಿಯಿಂದ ಕೆಲವೇ ನಿಮಿಷದಲ್ಲಿ ಗುರುತು ಮೂಡಿಸಬಹುದು. ಸಾಣೆ ಹಿಡಿಯುವವರೂ ಐಟಿಐ ಹುಡುಗರೂ ಅರ್ಧ ದಿನದಲ್ಲಿ ಕಲಿಯುವ ಕೆಲಸ.

ನಮ್ಮ ಕಂಬಾರಿಕೆಗೆ ಒಂದು ತಿದ್ದುಪಡಿ ಮಾತ್ರ ಬೇಕು. ಸ್ವಿಸ್ ಚಾಕುವಿಗೆ ಒಂದೇ ಹುಟ್ಟು, ನಮ್ಮ ಕೊಡಲಿಗೆ ಹಲವು. ಹಾಗಾಗಿ ಮೊದಲು ಮಾಡಿದ ವರ್ಷದ ಎರಡಂಕಿ ಬುಡದಲ್ಲಿರಲಿ. ಹೊಸ ಉಕ್ಕು ಬೆಸೆದಾಗಲೆಲ್ಲ, ತೂಕದ ಕಲ್ಲಿನ ಸೀಸಕ್ಕೆ ಮಾಡುವಂತೆ, ಅದರ ಪಕ್ಕ ಆ ವರ್ಷದ ಅಂಕಿ ಬೀಳಲಿ. ಹಳೆಯದನ್ನು ಬಡಿದು ಅಳಿಸಬಾರದು. ಇಪ್ಪತ್ತು ವರ್ಷದ ಕೊಡಲಿಯಲ್ಲಿ ನಾಲ್ಕೈದು ಅಂಕಿ ಸಾಲಾದರೆ ಯಾವ ಕಂಬಾರನ ಬೆಸುಗೆ ಎಷ್ಟು ಹಂಗಾಮು ತಡೆಯಿತೆಂದು ರೈತ ತಾನೇ ಓದಿಕೊಳ್ಳುತ್ತಾನೆ, ಮುಂದಿನ ಸಲ ಯಾರ ಕುಲುಮೆಗೆ ಒಯ್ಯಬೇಕೆಂಬುದನ್ನೂ.